ಒಂದೊಂದು ಚಮಚ ಫಿನ್ಲೆಂಡ್

ಇಂಚರ ಫಿನ್ಲೆಂಡಿನಲ್ಲಿ ಓದಿದ ಒಂದು ವರ್ಷವನ್ನು ವಿಮಾನ ನಿಲ್ದಾಣದವರು ಎಂದಿನಂತೆ ಅವಳ ತಲೆಯಿಂದ ಇಳಿಸಿ, ಗಾಜಿನ ಭರಣಿಗೆ ತುಂಬಿ ಕೊಟ್ಟಿದ್ದರು. ಯಾರು ಕುಡಿದರೆ ಅವರಿಗೇ ಆ ನೆನಪು. ಬಂದವಳೇ ಗಟಗಟ ಕುಡಿದುಬಿಡಬಹುದಿತ್ತು. ಆದರೆ ಹೊರದೇಶದಿಂದ ತಂದದ್ದನ್ನು ನೆಂಟರಿಗೆ ಹಂಚದೆ ಮುಟ್ಟುವುದುಂಟೆ? ಅಮ್ಮ ಆಗಲೇ ಚಮಚ ಹಿಡಿದು ನಿಂತಿದ್ದರು.

"ನನಗೂ ಸ್ವಲ್ಪ ಇಡಮ್ಮ," ಎಂದು ಇಂಚರ ಗೋಗರೆದಳು.

"ಮೊದಲು ಹಿರಿಯರದ್ದಾಗಲಿ, ಇರೇ."

ಪಟ್ಟಾಭಿ ಮಾವ ಒಂದು ಚಮಚ ಚಪ್ಪರಿಸಿದ್ದೇ ತಡ, "ನಾನು ಹಿಮದಲ್ಲಿ ಸೈಕಲ್ ಹೊಡೀತಿದ್ದೆ ನೋಡಿ, ಆ ಮಜವೇ ಬೇರೆ!" ಎಂದು ಶುರುವಿಟ್ಟುಕೊಂಡರು. ಅಂಬುಜತ್ತೆ ಲೈಬ್ರರಿಯ ಕಿಟಕಿ, ಸರೋವರ, ಗೆಳತಿಯರ ನಗು ಎಲ್ಲವನ್ನೂ ನುಂಗಿ, "ಉಪ್ಪಿಲ್ಲ, ಖಾರವಿಲ್ಲ," ಎನ್ನುತ್ತಲೇ ಎರಡನೆಯ ಚಮಚಕ್ಕೆ ಕೈಯೊಡ್ಡಿದರು.

ತಳದಲ್ಲಿ ಒಂದಿಷ್ಟು ಗಸಿ ಉಳಿಯಿತು. ಅತ್ತೆ ಅದನ್ನು ಮೂಸಿ, "ಥೂ, ಕಹಿ! ನೀನೇ ಕುಡಿ," ಎಂದರು.

ಇಂಚರ ಕುಡಿದಳು. ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಒಬ್ಬಳೇ ಕೂತು, ಊರಿನವರೆಲ್ಲ ಬೇಕೆಂದು ಬಿಕ್ಕಿ ಬಿಕ್ಕಿ ಅತ್ತ ದಿನ ಅದು.

"ಏನಿತ್ತೇ ಅದರಲ್ಲಿ?" ಎಂದರು ಅತ್ತೆ.

"ನೀವೇ ಇದ್ರಿ ಅತ್ತೆ," ಎಂದು ಇಂಚರ ಭರಣಿ ತೊಳೆಯಲು ಎದ್ದಳು.