ಮ್ಯಾನೇಜರಿಗಿಂತ ಎತ್ತರ

“ಮ್ಯಾನೇಜರ್ ಈಸ್ ಟಾಲರ್ ದ್ಯಾನ್ ವಾಚ್‌ಮನ್!”

ಲಾಡ್ಜಿನ ಮ್ಯಾನೇಜರು ಎದ್ದು ನಿಂತು, ಎದೆ ಉಬ್ಬಿಸಿ ಹೇಳಿದರು. ಪಕ್ಕದಲ್ಲೇ ವಾಚ್‌ಮನ್ ನಿಂತಿದ್ದ. ಮ್ಯಾನೇಜರ ತಲೆ ಅವನ ಅಂಗಿಯ ಎರಡನೇ ಗುಂಡಿಯ ಹತ್ತಿರ ಬರುತ್ತಿತ್ತು. ಇಂಗ್ಲಿಷ್ ಕಲಿಯಲು ಊಟದ ಹಾಲಿನಲ್ಲಿ ಕೂತಿದ್ದ ಸಿಬ್ಬಂದಿಯೆಲ್ಲ ನೆಲ ನೋಡತೊಡಗಿದರು. ಟೀಚರು ಮಾತ್ರ ಪಾಪ, ಬೇರೆ ದಾರಿಯಿಲ್ಲದೆ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದರು.

ತಪ್ಪು ಅವರದೇ. ಒಂದನ್ನು ಇನ್ನೊಂದಕ್ಕೆ ಹೋಲಿಸುವ ಪಾಠಕ್ಕೆ ಎರಡು ಲೋಟ, ಎರಡು ಚಮಚ ಸಾಕಿತ್ತು. “ನಿಮ್ಮಲ್ಲೇ ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸಿ, ಆದ್ರೆ ಹೇಳೋದು ನಿಜ ಇರಬೇಕು” ಎಂದು ತಾವಾಗಿಯೇ ಕಾಲ ಮೇಲೆ ಕಲ್ಲು ಹಾಕಿಕೊಂಡರು. ಮೊದಲ ಸಾಲಿನಲ್ಲಿ ಮ್ಯಾನೇಜರು ಕೂತಿರುವಾಗ ಇನ್ಯಾರನ್ನು ಹೋಲಿಸುತ್ತಾರೆ? ಮಣಭಾರದ ಪಾತ್ರೆಯನ್ನು ಒಂಟಿ ಕೈಯಲ್ಲಿ ಇಳಿಸುವ ಅಡುಗೆಯವನು, ಮ್ಯಾನೇಜರು ತನಗಿಂತ ಬಲಶಾಲಿ ಎಂದ. “ನಿಜಾನಾ?” ಎಂದು ಟೀಚರು ಬಾಯಿ ತಪ್ಪಿ ಕೇಳಿದರು. “ನಿಜ ಮಾಡಿದ್ರಾಯ್ತು” ಎಂದು ಮ್ಯಾನೇಜರು ತೋಳು ಮಡಚಿ ಮೇಜಿನ ಮೇಲೆ ಮೊಣಕೈ ಊರಿದರು. ಅಡುಗೆಯವನ ಕೈ ಮುಟ್ಟುವ ಮೊದಲೇ ಮಲಗಿತು. ಬೀಸುವ ದೊಣ್ಣೆ ತಪ್ಪಿಸಿಕೊಂಡವನಂತೆ ಅವನು ಮುಖ ಒರೆಸಿಕೊಂಡು ಕೂತ. ಆಮೇಲೆ ಇಸ್ತ್ರಿ ಮಾಡುವ ಹುಡುಗಿ ಎದ್ದು, ಮ್ಯಾನೇಜರು ವಯಸ್ಸಿನಲ್ಲಿ ತನಗಿಂತ ಚಿಕ್ಕವರು ಎಂದಳು. ಅವಳಿಗೆ ಇನ್ನೂ ಮದುವೆ ಆಗಿರಲಿಲ್ಲ. ಮ್ಯಾನೇಜರ ಮೊಮ್ಮಗಳಿಗೆ ಹಲ್ಲು ಬಂದಿತ್ತು. “ಸರಿಯಾಗಿ ಹೇಳ್ದೆ, ಅಕ್ಕಾ” ಎಂದರು ಮ್ಯಾನೇಜರು. ಅಂದಿನಿಂದ ಅವಳು ಅವರಿಗೆ ಅಕ್ಕನೇ.

ಈಗ ಉಳಿದವನು ವಾಚ್‌ಮನ್. ಈ ಪಾಠದಲ್ಲಿ ಪಾಸಾದರೆ ಅವನಿಗೆ ಕೌಂಟರಿನ ಕೆಲಸ, ಅಂದರೆ ಕುರ್ಚಿ. ಮಾಲೀಕರೇ ಮಾತು ಕೊಟ್ಟಿದ್ದರು. ಬಾಗಿಲಲ್ಲಿ ನಿಂತೂ ನಿಂತೂ ಅವನ ಮಂಡಿಗಳು ಬಾತುಹೋಗಿದ್ದವು. ರಾತ್ರಿ ಹೆಂಡತಿ ಎಣ್ಣೆ ತಿಕ್ಕುತ್ತಾ “ಕುರ್ಚಿ ಸಿಕ್ಕಿತಾ?” ಎಂದು ಕೇಳುವುದು, ಇವನು ಗೋಡೆಯ ಕಡೆ ಹೊರಳುವುದು ನಡೆದೇ ಇತ್ತು.

“ಹೇಳಪ್ಪಾ” ಎಂದರು ಮ್ಯಾನೇಜರು. “ಕಷ್ಟಪಡಬೇಡ. ನಾನು ಹೇಳಿದ್ದನ್ನೇ ಹೇಳು, ಸಾಕು.”

ಅಡುಗೆಯವನು ಹಿಂದಿನಿಂದ ಪಿಸುಗುಟ್ಟಿದ: “ಮಂಡಿ ಬಗ್ಗಿಸಿ ನಿಂತ್ಕೊಳೋ ಮಾರಾಯ. ನಿಜಾನೂ ಆಗುತ್ತೆ, ಕುರ್ಚಿನೂ ಸಿಗುತ್ತೆ.”

“ಹಾಗೆ ನಿಲ್ಲೋಕಾಗೋ ಮಂಡಿ ಇದ್ದಿದ್ರೆ ನಂಗ್ಯಾಕಣ್ಣಾ ಕುರ್ಚಿ?” ಎಂದ ವಾಚ್‌ಮನ್. ಆಮೇಲೆ ಬೋರ್ಡು ನೋಡಿದ, ಕೆಳಗೆ ಬಗ್ಗಿ ಮ್ಯಾನೇಜರನ್ನು ನೋಡಿದ, ಗಂಟಲು ಸರಿಮಾಡಿಕೊಂಡ. “ವಾಚ್‌ಮನ್ ಈಸ್ ಟಾಲರ್ ದ್ಯಾನ್ ಮ್ಯಾನೇಜರ್.”

“ಏನಂದೆ?”

“ನಂಗೆ ಬರೋ ಇಂಗ್ಲಿಷೇ ನಾಲ್ಕು ಮಾತು ಸಾರ್. ಅದಕ್ಕೂ ಸುಳ್ಳು ಬೆರೆಸಿದ್ರೆ ಉಳಿಯೋದೇನು? ಕನ್ನಡದಲ್ಲಿ ಬೇಕಾದ್ರೆ ನೀವೇ ಎತ್ತರ ಅಂತ ದಿನಾ ಬೆಳಿಗ್ಗೆ ಹೇಳ್ತೀನಿ.”

ಎಲ್ಲರೂ ಟೀಚರ ಕಡೆ ತಿರುಗಿದರು. ಅವರಿಗೆ ಭಯವಾಯಿತು. ಭಯವಾದದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯೇ ಸ್ವಲ್ಪ ಹೆಚ್ಚಾಗಿದ್ದರಿಂದ “ಪಾಸ್” ಎಂದರು.

ಮ್ಯಾನೇಜರು ಸಿಡಿಯುತ್ತಾರೆಂದು ಎಲ್ಲರೂ ಕಾದರು. ಅವರು ನಕ್ಕರು. “ಪಾಸ್ ಅಂದ್ರೆ ಪಾಸೇ. ಮಾಲೀಕರ ಮಾತು ಮೀರೋಕಾಗುತ್ತಾ? ನಾಳೆಯಿಂದ ಕೌಂಟರು ನಿಂದೇ ಕಣಪ್ಪಾ.” ವಾಚ್‌ಮನ್ನನ ಕಣ್ಣು ತುಂಬಿತು, ಟೀಚರಿಗೂ ಕೈ ಮುಗಿದ, ಬೋರ್ಡಿಗೂ ಮುಗಿದ. ಮ್ಯಾನೇಜರು ಮಾತ್ರ ಬಾಗಿಲ ಬಳಿ ನಿಂತು ಹೇಳಿದರು: “ಟೀಚರ್, ಬೋರ್ಡ್ ಮೇಲೆ ನನ್ನ ವಾಕ್ಯ ಇದೆಯಲ್ಲ, ಅದನ್ನ ಅಳಿಸಬೇಡಿ. ನಾಳೆ ಅದೂ ನಿಜ ಆಗುತ್ತೆ.” ಸಂಜೆಯೇ ಬಡಗಿ ಬಂದು ಕೌಂಟರಿನ ಕುರ್ಚಿಯ ಕಾಲುಗಳನ್ನು ಗೇಣುದ್ದಕ್ಕೆ ಕೊಯ್ದು ಹೋದ.

ಬೆಳಿಗ್ಗೆ ವಾಚ್‌ಮನ್ ಆ ಕುರ್ಚಿಯಲ್ಲಿ ಕೂತ. ಕೆಲಸದ ಹೊತ್ತಿನಲ್ಲಿ ಏಳಕೂಡದು ಎಂಬುದೊಂದೇ ಷರತ್ತು. ಕಾಲು ಉದ್ದಕ್ಕೆ ಚಾಚಿದಾಗ ಮಂಡಿಗೆ ಎಂಥ ಹಿತವೆನಿಸಿತೆಂದರೆ, ಆಚೆಯಿಂದ ನೋಡುವವರಿಗೆ ತನ್ನ ಕೂದಲೂ ಕಾಣುತ್ತಿಲ್ಲವೆಂಬುದು ಅವನ ತಲೆಗೇ ಹೋಗಲಿಲ್ಲ. ಮ್ಯಾನೇಜರು ಪಕ್ಕದಲ್ಲಿ ಬಂದು ನಿಂತರು. ಕೌಂಟರಿನ ಅಂಚಿಗಿಂತ ಅವರ ತಲೆ ಚೆನ್ನಾಗಿಯೇ ಮೇಲಿತ್ತು. ಅಡುಗೆಯವನನ್ನೂ ಅಕ್ಕನನ್ನೂ ಕರೆದು ತೋರಿಸಿದರು.

ಅಷ್ಟರಲ್ಲಿ ಪೆಟ್ಟಿಗೆ ಹಿಡಿದ ಗಿರಾಕಿಯೊಬ್ಬರು ಬಂದು, ಮೇಲಿನ ಮಹಡಿಯ ಕೋಣೆ ಬೇಕೆಂದರು. ಮೇಲಿನ ಮಹಡಿಯ ಕೀಲಿಗಳೆಲ್ಲ ಹಿಂದಿನ ಗೋಡೆಯ ಮೇಲಿನ ಸಾಲಿನ ಮೊಳೆಗಳಲ್ಲಿ ತೂಗುತ್ತಿದ್ದವು. ಕೂತವನು ಏಳುವಂತಿಲ್ಲ. ಮ್ಯಾನೇಜರು ಕೈ ಚಾಚಿದರು, ಹಾರಿದರು, ಕೊನೆಗೆ ಅಡುಗೆಮನೆಯಿಂದ ಸ್ಟೂಲು ತರಿಸಿ ಹತ್ತಿ, ತುದಿಗಾಲಲ್ಲಿ ನಿಂತು ಗೋಡೆ ತಡಕತೊಡಗಿದರು.

ಗಿರಾಕಿ ಬಾಯಿ ಬಿಟ್ಟು ನೋಡುತ್ತಿದ್ದಂತೆ, ಕೌಂಟರಿನ ಅಡಿಯಿಂದೆಲ್ಲೋ ವಿನಯದ ಧ್ವನಿಯೊಂದು ಬಂತು:

“ಹೈಯರ್, ಸಾರ್... ಇನ್ನೂ ಸ್ವಲ್ಪ ಹೈಯರ್.”