ತಪಾಸಣೆ ದಿನದ ಆಯಾ

ಬಿಂದುಶ್ರೀ ತನ್ನ ಪಿಯುಸಿ ಅಂಕಪಟ್ಟಿಯನ್ನು ಫೈಲಿನಿಂದ ಅರ್ಧ ಹೊರಗೆಳೆದಿದ್ದಳು, ಅಷ್ಟರಲ್ಲಿ ಸಕಲೇಶಪುರದ ಆ ಪುಟ್ಟ ನರ್ಸಿಂಗ್ ಹೋಮಿನ ಬಾಗಿಲಿಗೆ ಸರ್ಕಾರಿ ಜೀಪು ಬಂದು ನಿಂತಿತು. "ಇನ್ಸ್‌ಪೆಕ್ಷನ್," ಎಂದ ಮ್ಯಾನೇಜರ್ ಕುರ್ಚಿ ಬಿಟ್ಟೆದ್ದ. ಅಂಕಪಟ್ಟಿಗೆಂದು ಚಾಚಿದ್ದ ಅವನ ಕೈ ಹಿಂದಕ್ಕೆ ಹೋದದ್ದನ್ನು ನೋಡಿ ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ಯಾಕೆಂದರೆ ಇದ್ದದ್ದು ಒಂದೇ ಒರಿಜಿನಲ್, ಕೇಳುತ್ತಿದ್ದವರು ಇಬ್ಬರು. ಇಲ್ಲಿ ಕೊಟ್ಟರೆ ಇವತ್ತಿನಿಂದಲೇ ಕೆಲಸ, ಮನೆಗೂ ಒಂದು ಆಸರೆ. ಆದರೆ ಮೂರು ವರ್ಷ ಅಂಕಪಟ್ಟಿ ವಾಪಸ್ ಕೇಳುವಂತಿಲ್ಲ. ಆರೇ ತಿಂಗಳಲ್ಲಿ ಡ್ರಿಪ್ ಹಾಕುವುದು ಕಲಿಸುತ್ತೇವೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಹಾಸನದ ಕಾಲೇಜಿಗೆ ಕೊಟ್ಟರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ, ಆ ಸೀಟು ಇವತ್ತು ಸಂಜೆ ನಾಲ್ಕರವರೆಗೆ ಮಾತ್ರ. ತನ್ನೂರು ಹೆಗ್ಗದ್ದೆಯಲ್ಲಿ ಬಸ್ಸು ಹತ್ತುವವರೆಗೂ ಬುದ್ಧಿ ಹೇಳದವರೇ ಇರಲಿಲ್ಲ. ಅಪ್ಪ ಓದು ಎಂದ. ಓದುವುದಾದರೆ ಡಿಪ್ಲೊಮಾ ಯಾಕೆ, ಒಂದು ವರ್ಷ ಕಾದು ಡಿಗ್ರಿಗೇ ಸೇರು ಎಂದ ಚಿಕ್ಕಪ್ಪ. ಅವ್ವನದು ಒಂದೇ ಹಟ: "ರೀನಾ ಸಿಸ್ಟರು ಯಾವ ಕಾಲೇಜಿಗೋಗಿದ್ರು? ಅವ್ರು ಸೂಜಿ ಚುಚ್ಚಿದ್ರೆ ಗೊತ್ತೇ ಆಗಕಿಲ್ಲ. ಅವ್ರ ಕೈಕೆಳ್ಗೆ ಇದ್ರೆ ಸಾಕು ಕಣೆ." ಎಲ್ಲರ ಮಾತೂ ಕೇಳಿ ಕೇಳಿ ಹುಡುಗಿಯ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಆ ರೀನಾ ಸಿಸ್ಟರ್ ಈಗ ವಾರ್ಡಿನಿಂದ ಹೊರಬಂದರು. ಹದಿನಾರು ವರ್ಷದಿಂದ ನರ್ಸಿಂಗ್ ಹೋಮ್ ನಡೆಯುತ್ತಿದ್ದುದೇ ಅವರ ಮೇಲೆ. ಜೀಪು ನೋಡಿ ಅವರೇನೂ ಗಾಬರಿಯಾಗಲಿಲ್ಲ. ಬಿಳಿ ಕೋಟು ಬಿಚ್ಚಿ ದಿಂಬಿನ ಚೀಲದೊಳಗೆ ತುರುಕಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಬಕೆಟ್ಟು ಮತ್ತು ನೆಲ ಒರೆಸುವ ಕೋಲು ಕೈಗೆತ್ತಿಕೊಂಡರು. ಹಾಲು ಉಕ್ಕುವಾಗ ಒಲೆ ಆರಿಸಿದಷ್ಟು ಸಲೀಸಾಗಿ ಎಲ್ಲ ಮುಗಿಯಿತು.

"ಸಿಸ್ಟರ್, ಇದೇನು ಮಾಡ್ತಿದೀರಾ?"

"ಇನ್ಸ್‌ಪೆಕ್ಷನ್ ದಿನ ನಾನು ಆಯಾ ಮಾರಾಯ್ತಿ. ಯಾರಾದ್ರೂ ಕೇಳಿದ್ರೆ ನೀನು ಲಕ್ಕಯ್ಯಜ್ಜನ ಮೊಮ್ಮಗಳು. ಹೋಗು, ಆ ಮಂಚದ ಹತ್ರ ನಿಂತ್ಕೊ."

ಲಕ್ಕಯ್ಯ ಹಾನುಬಾಳು ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಮುದುಕ. ರಾತ್ರಿಯಿಂದ ವಾಂತಿ ಭೇದಿಯಾಗಿ, ಜ್ವರವೂ ಸೇರಿ, ನಾಲಗೆ ಒಣಗಿಹೋಗಿತ್ತು. ತಡಮಾಡದೆ ಡ್ರಿಪ್ ಹಾಕಬೇಕಿತ್ತು. ಹಾಕಲು ಬಂದವಳು ದೀಪಶ್ರೀ. ಡಿಪ್ಲೊಮಾ ಮುಗಿಸಿ ಮೂರು ತಿಂಗಳ ಹಿಂದೆ ಸೇರಿದವಳು. ಅಲ್ಲಿ ಸರ್ಟಿಫಿಕೇಟ್ ಇರುವ ನರ್ಸ್ ಅವಳೊಬ್ಬಳೇ. ಜೀಪಿನಲ್ಲಿ ಬಂದ ಅಧಿಕಾರಿ ಮಂಚದ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದು ಸಲ ಚುಚ್ಚಿದಳು, ನರ ಸಿಗಲಿಲ್ಲ. ಎರಡನೇ ಸಲ ರಕ್ತ ಬಂತೇ ಹೊರತು ಸೂಜಿ ಕೂರಲಿಲ್ಲ. ಪಾಪ, ಅವಳ ಮೂಗಿನ ತುದಿಯಲ್ಲಿ ಬೆವರೊಡೆದಿತ್ತು.

ಅಜ್ಜ ಕಣ್ಣು ಬಿಟ್ಟು, ನೆಲ ಒರೆಸುತ್ತಿದ್ದವರನ್ನು ನೋಡಿದ. "ರೀನಮ್ಮ, ಈ ಮಗೀಗೆ ಆಗಕಿಲ್ಲ. ನೀವೇ ಹಾಕ್ಬುಡಿ."

"ಏನಂತಾರೆ ಇವರು?" ಅಧಿಕಾರಿ ತಿರುಗಿದರು.

"ಜ್ವರ ಸಾರ್," ಎಂದ ಮ್ಯಾನೇಜರ್. "ಏನೇನೋ ಬಡಬಡಿಸ್ತೈತೆ ಮುದುಕ."

ಬಿಂದುಶ್ರೀಗೆ ನಗು ಬರುವುದರಲ್ಲಿತ್ತು. ಅಜ್ಜನ ತೋಳಿನ ರಕ್ತ ನೋಡಿ ನಗಲಾಗಲಿಲ್ಲ. ರೀನಾ ಸಿಸ್ಟರ್ ಬಗ್ಗಿ ಮಂಚದ ಕೆಳಗೆ ಕೋಲು ಆಡಿಸುತ್ತಾ, ಯಾರ ಮುಖವನ್ನೂ ನೋಡದೆ, ಪಿಸುದನಿಯಲ್ಲಿ ಹೇಳಿದರು: "ರಬ್ಬರ್ ಪಟ್ಟಿ ಇನ್ನೊಂಚೂರು ಬಿಗಿ ಮಾಡು. ಮಣಿಕಟ್ಟಿನ ಮೇಲೆ, ಹೆಬ್ಬೆರಳ ಕಡೆ. ಕಣ್ಣಿಗೆ ಕಾಣಲ್ಲ, ಬೆರಳಿಟ್ಟು ನೋಡು, ಸಿಗ್ತದೆ." ಮೂರನೇ ಸಲಕ್ಕೆ ಸೂಜಿ ಕೂತಿತು, ಡ್ರಿಪ್ ಹನಿಯತೊಡಗಿತು. ಅಧಿಕಾರಿ ದೀಪಶ್ರೀಯ ಕಡೆ ನೋಡಿ "ಗುಡ್" ಎಂದರು.

ಬಿಂದುಶ್ರೀಯ ಗೊಂದಲ ಇಮ್ಮಡಿಯಾಯಿತು. ಮೂರು ವರ್ಷ ಓದಿದವಳಿಗೆ ನರ ಸಿಗುವುದಿಲ್ಲ, ಓದದವರಿಗೆ ಕಾಣದ ನರವೂ ಸಿಗುತ್ತದೆ. ಹಾಗಾದರೆ ಅವ್ವ ಹೇಳಿದ್ದೇ ಸರಿ. ಅವ್ವ ಹೇಳಿದ್ದು ಸರಿಯಾದರೆ ಇವರೇಕೆ ನೆಲ ಒರೆಸುತ್ತಿದ್ದಾರೆ? ಅಂಕಪಟ್ಟಿಯನ್ನು ಹರಿದು ಇಬ್ಬರಿಗೂ ಅರ್ಧರ್ಧ ಕೊಡುವಂತಿದ್ದರೆ ಕೊಟ್ಟು ಮನೆಗೆ ಹೋಗಿಬಿಡುತ್ತಿದ್ದಳು.

ಹೊರಡುವ ಮೊದಲು ಅಧಿಕಾರಿ ಒಂದು ಹಾಳೆ ಚಾಚಿದರು. ಕೆಲಸದ ಮೇಲಿರುವವರೆಲ್ಲ ಹೆಸರು ಬರೆದು ಸಹಿ ಹಾಕಬೇಕಂತೆ. ಅವರ ಇನ್ನೊಂದು ಕೈಯಲ್ಲಿ ರೋಗಿಗಳ ಚಾರ್ಟುಗಳಿದ್ದವು. ಬಿಪಿ ಎಷ್ಟು, ಜ್ವರ ಎಷ್ಟು, ಯಾವ ಮಾತ್ರೆ ಯಾವಾಗ, ಎಲ್ಲವೂ ರೀನಾ ಸಿಸ್ಟರ್ ಅವರ ದುಂಡನೆಯ ಅಕ್ಷರದಲ್ಲಿ. ದೀಪಶ್ರೀ ಬರೆದು ಪೆನ್ನನ್ನು ರೀನಾ ಸಿಸ್ಟರ್ ಕಡೆ ಚಾಚಿದಳು. ಅದೇ ದುಂಡನೆಯ ಅಕ್ಷರ ಈ ಹಾಳೆಯ ಮೇಲೂ ಬಿದ್ದರೆ ಕಥೆ ಮುಗಿಯಿತೆಂದು ಮ್ಯಾನೇಜರನ ಮುಖ ಬಿಳಿಚಿಕೊಂಡಿತು.

"ಓದು ಬರಹ ಬರೂದಿಲ್ಲ ಸಾರ್," ಎಂದರು ರೀನಾ ಸಿಸ್ಟರ್. ಮ್ಯಾನೇಜರ್ ಓಡಿಹೋಗಿ ಇಂಕ್ ಪ್ಯಾಡ್ ತಂದ. ಅವರು ಎಡಗೈ ಹೆಬ್ಬೆರಳನ್ನು ಅದಕ್ಕೆ ಒತ್ತಿ, ಹಾಳೆಯ ಮೇಲೆ ಒತ್ತಿದರು.

ಜೀಪು ಹೊರಟುಹೋಯಿತು. ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡು, "ಎಲ್ಲಿ, ಆ ಒರಿಜಿನಲ್ ಕೊಡಮ್ಮ," ಎಂದು ಕೈ ಚಾಚಿದ. ಬಿಂದುಶ್ರೀ ಒಂದು ನಿಮಿಷ ಎಂದು ಫೈಲನ್ನು ಎದೆಗವಚಿಕೊಂಡು ಒಳಗೆ ಹೋದಳು. ಗೋಡೆ ಗಡಿಯಾರದಲ್ಲಿ ಎರಡಾಗುತ್ತಾ ಬಂದಿತ್ತು. ರೀನಾ ಸಿಸ್ಟರ್ ಸಿಂಕಿನ ಬಳಿ ನಿಂತು, ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಹೆಬ್ಬೆರಳು ಉಜ್ಜುತ್ತಿದ್ದರು.

"ಸಿಸ್ಟರ್, ನಂಗೊಂದೂ ತಿಳೀತಿಲ್ಲ. ಇಲ್ಲೇ ಸೇರ್ಕಂಡ್ರೆ ನಾನು ನಿಮ್ಮಂಗೆ ಆಗ್ತೀನಾ?"

ರೀನಾ ಸಿಸ್ಟರ್ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಮಸಿ ಇನ್ನೂ ಹೋಗಿರಲಿಲ್ಲ.

"ಆಗ್ತಿ," ಎಂದರು. "ಥೇಟ್ ನನ್ನ ಹಾಗೇ ಆಗ್ತಿ."