ಮಧ್ಯಾಹ್ನದ ಮಾತ್ರೆ

ಅಮ್ಮನ ಮಾತ್ರೆ ಡಬ್ಬಿಯನ್ನು ಅಕ್ಕ ತೆರೆದಾಗಲೇ ಅವಳ ಮೊಬೈಲು ಗುಂಯ್‌ಗುಟ್ಟಿತು. ಅಕ್ಕತಂಗಿಯರು ಹಂಚಿಕೊಂಡಿದ್ದ ಆ್ಯಪ್‌ನಲ್ಲಿ ಹಸಿರು ಗುರುತು ಬಿದ್ದಿತ್ತು: ‘ಮಧ್ಯಾಹ್ನದ ಮಾತ್ರೆ ಕೊಟ್ಟಾಯಿತು.’ ಮಾತ್ರೆ ಡಬ್ಬಿಯಲ್ಲೇ ಇತ್ತು; ನಿನ್ನೆಯದೂ, ಮೊನ್ನೆಯದೂ.

ಹೇಳದೆ ಕೇಳದೆ ಬಂದಿಳಿದ ಅಕ್ಕನೆದುರು ತಂಗಿ ತಡವರಿಸಿದಳು. “ಕೆಲಸದ ಗಡಿಬಿಡೀಲಿ ಮರ್ತುಹೋಗುತ್ತೆ. ಗುರುತು ಬೀಳದಿದ್ರೆ ನೀನು ಬೈತೀಯ. ಅದಕ್ಕೇ ತಾನಾಗೇ ಬೀಳೋ ಹಾಗೆ ಮಾಡಿದೀನಿ.”

“ಅಮ್ಮನ ಜೀವದ ಜೊತೆ ಆಟಾನಾ? ಇದನ್ನ ನೋಡ್ಕೊಂಡೇ ನಾನು ನೆಮ್ಮದಿಯಾಗಿದ್ದೆ,” ಎಂದು ಅಕ್ಕ ಮೊಬೈಲನ್ನು ತಂಗಿಯ ಮುಖಕ್ಕೆ ಹಿಡಿದಳು. ಯಾರೂ ಮುಟ್ಟದೆಯೇ, ದಿನವೂ ಬರುವ ಅದೇ ಉತ್ತರ ಅಕ್ಕನ ಹೆಸರಲ್ಲಿ ತಾನಾಗಿ ಮೂಡಿತು: ‘ನೋಡಿದೆ ಕಣೇ. ಅಮ್ಮನ್ನ ಕೇಳಿದೆ ಅಂತ ಹೇಳು.’

ತಂಗಿ ಅದನ್ನು ಎರಡು ಸಲ ಓದಿದಳು. ಆಮೇಲೆ ಮಂಚದತ್ತ ತಿರುಗಿ, “ಅಮ್ಮಾ, ಅಕ್ಕ ನಿನ್ನನ್ನ ಕೇಳಿದ್ಲಂತೆ,” ಎಂದಳು.